ಬ್ಯಾಕಪ್ಪಿಗೆ ರೊಕ್ಕ ಕೊಡೋಕಿಂತ ಮೊದಲ

ಈ ತಿಂಗಳದಾಗ ಮೂರು ಮಂದಿ ಒಂದ ಪ್ರಶ್ನಿ ಕೇಳಿದ್ರು. ಒಬ್ರು ನಮ್ಮ ವೈನಿ, ಇಬ್ರು ಓಣಿಯವರು. "ಮಗ ಬೆಂಗಳೂರಿಂದ ಫೋನ್ ಮಾಡಿದ್ದ. ಮನಿ ಕಂಪ್ಯೂಟರಿಗೆ ಆನ್‌ಲೈನ್ ಬ್ಯಾಕಪ್ ಹಾಕಸ್ತೀನಿ, ವರ್ಷಕ್ಕ ಇಷ್ಟು ರೊಕ್ಕ ಆಗ್ತದ ಅಂತಾನ. ಖರೇನ ಬೇಕಾಗ್ತದೇನು ಇದು? ಸುಮ್ನ ಖರ್ಚಲ್ಲೇನು?" ಅಂತ. ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಹೇಳೋದಕ್ಕಿಂತ ಎಲ್ಲಾರಿಗೂ ಇಲ್ಲೇ ಬರದು ಬಿಡೋಣ ಅಂತ ಕೂತೀನಿ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಬೇಕು. ಆದ್ರ ಎಷ್ಟು ಜಾಗಾ ಕೊಡ್ತಾರ, ಎಷ್ಟು ಅಗ್ಗ ಅದ ಅನ್ನೋದನ್ನಷ್ಟ ನೋಡಿ ಆರಿಸಬ್ಯಾಡ್ರಿ. ಎರಡು ಪ್ರಶ್ನಿ ಕೇಳ್ರಿ. ಇಟ್ಟ ಸಾಮಾನು ತಿರುಗಿ ಹೆಂಗ ಕೊಡ್ತಾರ? ಅದರ ಕೀಲಿಕೈ ಮನ್ಯಾಗ ಯಾರ ಕಡೆ ಇರ್ತದ? ಈ ಎರಡಕ್ಕ ಉತ್ತರ ಸಿಗದಿದ್ರ ಎಂಥಾ ದೊಡ್ಡ ಕಂಪನಿ ಇದ್ರೂ ಪ್ರಯೋಜನ ಇಲ್ಲ.

ಮೊದಲಿಗೆ ನಮ್ಮ ಕಂಪ್ಯೂಟರದಾಗ ಏನೇನದ ನೋಡ್ರಿ. ಮನಿ ಉತಾರ, ಹುಡುಗೂರ ಮಾರ್ಕ್ಸ್ ಕಾರ್ಡು, ಕರೆಂಟ್ ಬಿಲ್ಲು, ಇವೆಲ್ಲಾ ಸ್ಕ್ಯಾನ್ ಮಾಡಿ ಇಟ್ಟಿರ್ತೀವಿ. ಇವು ಹೋದ್ರ ತ್ರಾಸ ಆಗ್ತದ ಅಷ್ಟ. ಕಚೇರಿಗೆ ನಾಕು ಸಲ ಅಡ್ಡಾಡಿದ್ರ ಮತ್ತ ಸಿಗ್ತಾವ. ಸಿನಿಮಾ, ಸೀರಿಯಲ್ಲು ಹೋದ್ರ ಅದೂ ಇಲ್ಲ. ಆದ್ರ ಅತ್ತಿಯವರು ಹಾಡಿದ ಆರತಿ ಹಾಡಿನ ರೆಕಾರ್ಡು, ತೊಟ್ಟಿಲಕ್ಕ ಹಾಕಿದ ದಿನದ ವಿಡಿಯೋ, ಅವ್ವನ ಕೈಬರಹದ ಅಡಗಿ ವಹಿಯ ಫೋಟೋ, ಇವು ಯಾವ ಕಚೇರಿಯೊಳಗೂ ಸಿಗಂಗಿಲ್ಲ. ಹಿಂದಕ ಒಕ್ಕಲತನದ ಮನ್ಯಾಗ ಉಣ್ಣೋ ಜೋಳ ಬ್ಯಾರೆ, ಬೀಜದ ಜೋಳ ಬ್ಯಾರೆ ಇಡತಿದ್ರು. ನೀವೂ ಹಂಗ ಒಂದು ಫೋಲ್ಡರ್ ಮಾಡ್ರಿ. "ಮತ್ತ ಸಿಗಲಾರದ್ದು" ಅಂತ ಹೆಸರು ಕೊಡ್ರಿ. 500 ಜಿಬಿ ತುಂಬೇದ ಅಂತ ಅಂಜೋ ಮನ್ಯಾಗೂ ಈ ಫೋಲ್ಡರ್ ಭಾಳ ಸಣ್ಣದು ಇರ್ತದ.

"ಹಾರ್ಡ್ ಡಿಸ್ಕಿನ್ಯಾಗ ಹಾಕಿ ಕಪಾಟಿನ್ಯಾಗ ಇಟ್ಟೇವಿ, ಸಾಕಲ್ಲ?" ಅನ್ನೋರಿದ್ದೀರಿ. ಅದೂ ಬೇಕು, ಅದನ್ನ ಬಿಡಬ್ಯಾಡ್ರಿ. ಆದ್ರ ಕಂಪ್ಯೂಟರ್ ಇರೋ ಖೋಲಿಯೊಳಗ ಕಪಾಟು, ಕಪಾಟಿನ್ಯಾಗ ಹಾರ್ಡ್ ಡಿಸ್ಕು ಇದ್ದರ, ಕಳ್ಳ ಬಂದ್ರ ಎರಡೂ ಒಮ್ಮೆ ಹೋಗ್ತಾವ. 2019ರ ಆಗಸ್ಟ್‌ನ್ಯಾಗ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಹೊಳಿ ತುಂಬಿ ಬೆಳಗಾವಿ, ಬಾಗಲಕೋಟಿ ಕಡೆ ಮನಿ ಒಳಗ ನೀರು ಹೊಕ್ಕಿದ್ದು ನಿಮಗ ನೆನಪದ. ನೀರಿಗೆ ಕಪಾಟು ಯಾವುದು, ಕಂಪ್ಯೂಟರ್ ಯಾವುದು ಗೊತ್ತಾಗ್ತದೇನು? ಅದಕ್ಕ ಒಂದು ಪ್ರತಿ ಮನಿ ಬಿಟ್ಟು ದೂರ ಇರಬೇಕು. ಪೀಟರ್ ಕ್ರೋಗ್ ಅನ್ನೋ ಅಮೆರಿಕಾದ ಫೋಟೋಗ್ರಾಫರ್ ಇದಕ್ಕ 3-2-1 ಅಂತ ಒಂದು ಲೆಕ್ಕ ರೂಢಿಗೆ ತಂದಾರ. ಒಟ್ಟು ಮೂರು ಪ್ರತಿ, ಎರಡು ನಮೂನಿ ಸಾಧನದ ಮ್ಯಾಲ, ಅದರಾಗ ಒಂದು ಬ್ಯಾರೆ ಜಾಗಾದಾಗ. ಆನ್‌ಲೈನ್ ಬ್ಯಾಕಪ್ ಅಂದ್ರ ಆ ಕಡೀ "ಒಂದು". ಅದ ಎಲ್ಲಾ ಅಲ್ಲ.

ಇಲ್ಲೇ ಒಂದು ದೊಡ್ಡ ಗೊಂದಲ ಬಿಡಿಸಬೇಕು. "ನಮ್ಮದು ಗೂಗಲ್ ಡ್ರೈವಿನ್ಯಾಗ ಅದರಿ, ಒನ್‌ಡ್ರೈವಿನ್ಯಾಗ ಅದರಿ, ಮತ್ತ ಬ್ಯಾಕಪ್ ಯಾಕ?" ಅಂತಾರ. ಅವು ಮಾಡೋ ಕೆಲಸಕ್ಕ ಸಿಂಕ್ ಅಂತಾರ, ಅದು ಕನ್ನಡಿ ಇದ್ದಂಗ. ನೀವು ಹಣಿ ಮ್ಯಾಲ ಕುಂಕುಮ ಹಚ್ಚಿದ್ರ ಕನ್ನಡ್ಯಾಗೂ ಕಾಣಸ್ತದ, ಒರಸಿದ್ರ ಅಲ್ಲೂ ಹೋಗ್ತದ. ಮೊಮ್ಮಗ ಆಟ ಆಡೋ ಹೊತ್ತಿನ್ಯಾಗ ಒಂದು ಫೋಲ್ಡರ್ ಅಳಿಸಿದ ಅಂದ್ರ ಸಿಂಕ್ ಆಗಿದ್ದ ಕಡೆ ಎಲ್ಲಾ ಅಳೀತದ. ಗೂಗಲ್ ಡ್ರೈವಿನ ಕಸದ ಬುಟ್ಟ್ಯಾಗ ಅದು 30 ದಿನ ಇರ್ತದ. ಗೂಗಲ್ ಫೋಟೋಸ್‌ನ್ಯಾಗ ಬ್ಯಾಕಪ್ ಆಗಿದ್ದ ಫೋಟೋ 60 ದಿನ ಇರ್ತದ. ಅಷ್ಟರೊಳಗ ನಿಮ್ಮ ಲಕ್ಷ್ಯಕ್ಕ ಬಂದ್ರ ಉಳೀತು. ಆದ್ರ ವರ್ಷಕ್ಕೊಮ್ಮೆ ತಗದು ನೋಡೋ ಮುಂಜಿವಿ ಫೋಟೋ ಹೋಗಿದ್ದು ಒಂದು ತಿಂಗಳದಾಗ ಯಾರ ಲಕ್ಷ್ಯಕ್ಕ ಬರ್ತದ? ಬ್ಯಾಕಪ್ ಸೇವಾ ಅಂದ್ರ ಹಳೇ ಪ್ರತಿನೂ ಬ್ಯಾರೆ ಕಾಯ್ದು ಇಡೋದು. ಹಿಂಗಾಗಿ "ಅಳಿಸಿದ್ದು ಎಷ್ಟು ದಿನ ಉಳಸ್ತೀರಿ?" ಅಂತ ಮೊದಲ ನೋಡ್ರಿ.

ಒಂದು ಉದಾಹರಣಿ ಹಿಡದು ನೋಡೋಣ, ತಿಳೀಲಿಕ್ಕೆ ಸುಲಭ ಆಗ್ತದ. ಮನಿ ಕಂಪ್ಯೂಟರಿಗೆ ಅಂತ ಇರೋ ಸೇವಾದಾಗ ಬ್ಯಾಕ್‌ಬ್ಲೇಜ್ ಅನ್ನೋದು ಭಾಳ ಹೆಸರಾದ್ದು. ಅಮೆರಿಕಾದ ಕಂಪನಿ. 2023ರಾಗ ಇದರ ದರ ಏರಿ ತಿಂಗಳಿಗೆ 9 ಡಾಲರ್, ವರ್ಷದ್ದು ಒಮ್ಮೆ ಕೊಟ್ರ 99 ಡಾಲರ್ ಆತು. ಡಾಲರಿಗೆ 85 ರೂಪಾಯಿ ಹಿಡದ್ರ 8,400ರ ಆಸುಪಾಸು. ಇದು ಒಂದು ಕಂಪ್ಯೂಟರಿಗೆ ಮಾತ್ರ. ಆ ಕಂಪ್ಯೂಟರದಾಗ ಎಷ್ಟ ತುಂಬಿರಲಿ, ಅಷ್ಟೂ ತಗೋತದ. ಫೋನಿಂದು ತಗೊಳ್ಳಂಗಿಲ್ಲ. ಹೊರಗಿನ ಹಾರ್ಡ್ ಡಿಸ್ಕ್ ಜೋಡಿಸಿದ್ರ ಅದನ್ನೂ ತಗೋತದ, ಆದ್ರ ಅದನ್ನ ಆಗಾಗ ಜೋಡಸ್ತಿರಬೇಕು. ಗಡುವಿನೊಳಗ ಜೋಡಿಸದಿದ್ರ "ಇದು ಇವರಿಗೆ ಬ್ಯಾಡಾಗೇದ" ಅಂತ ತಿಳದು ಅಲ್ಲಿಂದನೂ ತಗದು ಹಾಕ್ತದ. ಆ ಗಡುವು 30 ದಿನ ಅದನೋ, ಒಂದು ವರ್ಷ ಅದನೋ ಅನ್ನೋದು ಸೆಟ್ಟಿಂಗ್‌ನ್ಯಾಗ ಕಾಣಸ್ತದ. ಹಾರ್ಡ್ ಡಿಸ್ಕನ್ನ ದೀಪಾವಳಿಯಿಂದ ದೀಪಾವಳಿಗೆ ತಗಿಯೋ ಮನಿಯವರು ಇದನ್ನ ನೋಡಲೇಬೇಕು.

ಇನ್ನೊಂದು ನಮ್ಮ ಕನ್ನಡದವರ ತೊಡಕು. ಹಳೇ ಕಂಪ್ಯೂಟರದಾಗ ನುಡಿ, ಬರಹ ಹಾಕಿ ಟೈಪ್ ಮಾಡಿದ ಫೈಲ್ ಎಷ್ಟೋ ಮನ್ಯಾಗ ಅವ. ಹಬ್ಬದ ಹಾಡು, ವಂಶಾವಳಿ, ಮದುವಿ ಯಾದಿ. ಆ ಕಾಲದ ಫೈಲ್ ಆಯಾ ಫಾಂಟ್ ಇದ್ದರ ಮಾತ್ರ ಕನ್ನಡ ಕಾಣಸ್ತಾವ, ಇಲ್ಲಂದ್ರ ಇಂಗ್ಲಿಷ್ ಅಕ್ಷರ, ಚಿನ್ಹೆ ಕಲಸಿ ಅಂಬಲಿ ಆಗಿರ್ತದ. ಇಂಥಾ ಬ್ಯಾಕಪ್ ಸೇವಾ ನಿಮ್ಮ ಫೈಲ್ ತಗೋತಾವ, ವಿಂಡೋಸ್‌ನ ಒಳಗಿನ ಫಾಂಟು, ಸಾಫ್ಟ್‌ವೇರು ಸಾಮಾನ್ಯವಾಗಿ ತಗೊಳ್ಳಂಗಿಲ್ಲ. ಹೊಸ ಕಂಪ್ಯೂಟರಿಗೆ ಫೈಲ್ ಸುಖವಾಗಿ ತಿರುಗಿ ಬರ್ತದ, ಓದಲಿಕ್ಕೆ ಮಾತ್ರ ಬರಂಗಿಲ್ಲ. ಅದಕ್ಕ ಆ ಫೈಲ್‌ಗಳನ್ನ ಯುನಿಕೋಡಿಗೆ ಬದಲು ಮಾಡ್ರಿ, ಇಲ್ಲಾ ಪಿಡಿಎಫ್ ಮಾಡಿ ಜೋಡಿ ಇಡ್ರಿ. ಫಾಂಟ್ ಫೈಲನ್ನೂ ಅದ ಫೋಲ್ಡರಿನ್ಯಾಗ ಹಾಕ್ರಿ. ಇದನ್ನ ಅಮೆರಿಕಾದ ಕಂಪನಿ ಬಂದು ನಮಗ ಹೇಳಂಗಿಲ್ಲ.

ಮೊದಲನೇ ಸಲ ಎಲ್ಲಾ ಮ್ಯಾಲ ಏರಲಿಕ್ಕೆ ದಿನಗಟ್ಟಲೆ ಹಿಡೀತದ, ಗಾಬರಿ ಆಗಬ್ಯಾಡ್ರಿ. ನೆಟ್ ಹಾಕೋವಾಗ ಅವರು ಹೇಳೋ ವೇಗ ಇಳಸೋದರದ್ದು ಇರಬಹುದು. ಏರಸೋ ವೇಗ, ಅಂದ್ರ ಅಪ್‌ಲೋಡ್, ಬ್ಯಾರೆ ಕೇಳ್ರಿ. ಅಪ್‌ಲೋಡ್ 10 ಎಂಬಿಪಿಎಸ್ ಇದ್ದರ 200 ಜಿಬಿ ಏರಲಿಕ್ಕೆ ತಡಿಲ್ಲದ 45 ತಾಸು ಬೇಕು. ಅದ 2 ಎಂಬಿಪಿಎಸ್ ಇದ್ದರ ಹಗಲು ರಾತ್ರಿ ಹಿಡದು 9 ದಿನದ ಮ್ಯಾಲ. ನಡುವ ಕರೆಂಟ್ ಹೋದ್ರ ಬಿಟ್ಟಲ್ಲಿಂದ ಮುಂದ ನಡೀತದ, ಮೊದಲಿಂದ ಶುರು ಆಗಂಗಿಲ್ಲ. ಆದ್ರ ಕಂಪ್ಯೂಟರ್ ತಾನ ಮಲಗೋ ಸೆಟ್ಟಿಂಗ್ ಇದ್ದರ ಏರೋದು ನಿಲ್ತದ. ಅದನ್ನ ಆ ವಾರದ ಮಟ್ಟಿಗೆ ತಗಸ್ರಿ. ಇದಕ್ಕ ಅಂತನ ಬೀಜದ ಜೋಳದ ಫೋಲ್ಡರ್ ಮೊದಲ ಏರಸ್ರಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ಪರದೆ ಮ್ಯಾಲ ಹಸರು ಗೆರಿ ಬಂದು "ನಿಮ್ಮ ಫೈಲ್ ಸುರಕ್ಷಿತ" ಅಂತ ಬಂದ್ರ ಎಲ್ಲಾರೂ ನಿಶ್ಚಿಂತಿ ಆಗ್ತಾರ. ನಾ ಆಗಂಗಿಲ್ಲ. ಹಗೇವು ತುಂಬಿ ಮ್ಯಾಲ ಮಣ್ಣು ಮುಚ್ಚಿದ್ರ ಆತೇನು? ತಗದಾಗ ಜೋಳ ಮುಗ್ಗಿಲ್ಲ ಅನ್ನೋದು ಗೊತ್ತಾದ್ರ ಅದು ಜೋಳ. ಹಂಗ ಬ್ಯಾಕಪ್ಪೂ. ಬ್ಯಾಕ್‌ಬ್ಲೇಜ್ ಅಂಥವರು 15 ದಿನ ಪುಕ್ಕಟ ಕೊಡ್ತಾರ. ಆ 15 ದಿನದಾಗ ಮಾಡೋ ಪರೀಕ್ಷಾ ಒಂದ. ನಾಕು ಫೋಟೋ, ಒಂದು ದೊಡ್ಡ ವಿಡಿಯೋ, ಕನ್ನಡ ಹೆಸರಿರೋ ಒಂದು ಫೈಲು ಆರಿಸ್ರಿ. ಅವು ಏರಿದ ಮ್ಯಾಲ ಬ್ಯಾರೆಯವರ ಮನಿ ಕಂಪ್ಯೂಟರಿಗೆ ಹೋಗಿ, ನಿಮ್ಮ ಹೆಸರಿಂದ ಒಳಗ ಹೊಕ್ಕು, ಅವನ್ನ ಇಳಿಸಿಕೊಳ್ರಿ. ತಗದು ನೋಡ್ರಿ. ವಿಡಿಯೋ ಕಡೀ ತನಕ ಓಡ್ತದೇನು? ಫೈಲಿನ ಕನ್ನಡ ಹೆಸರು ಹಂಗ ಅದೇನು? ಎಷ್ಟು ಹೊತ್ತು ಹಿಡೀತು? ನಡುವ ಎಲ್ಲೆ ಗೊತ್ತಾಗಲಿಲ್ಲ? ಇದು ಪಾಸಾದ್ರ ರೊಕ್ಕ ಕೊಡ್ರಿ. ಆಮ್ಯಾಲ ವರ್ಷಕ್ಕ ಎರಡು ಸಲ, ಯುಗಾದಿಗೊಮ್ಮೆ ದಸರಾಕ್ಕೊಮ್ಮೆ, ಮನಿ ಸ್ವಚ್ಛ ಮಾಡೋ ಮುಂದ ಇದನ್ನೂ ಮಾಡ್ರಿ.

ಈ ಪರೀಕ್ಷಾದ ಜೋಡಿ ಮನಿ ಹಾರ್ಡ್ ಡಿಸ್ಕನ್ನೂ ಇಟಗೊಳ್ಳಲಿಕ್ಕೆ ಯಾಕ ಹೇಳ್ತೀನಿ ಅಂದ್ರ, ಕಂಪನಿಗಳೂ ಶಾಶ್ವತ ಅಲ್ಲ. ಕ್ರ್ಯಾಶ್‌ಪ್ಲಾನ್ ಅನ್ನೋ ಹೆಸರಾದ ಸೇವಾ ಮನಿ ಗಿರಾಕಿಗಳು ಇನ್ನ ಬ್ಯಾಡ ಅಂತ 2017ರಾಗ ಹೇಳಿ 2018ರಾಗ ಮುಚ್ಚಿತು. ಮೋಜಿ ಅನ್ನೋದನ್ನ ಕಾರ್ಬೊನೈಟ್‌ನವರು ಕೊಂಡು, ಮುಂದ ಅದನ್ನೂ ನಿಲ್ಲಿಸಿದ್ರು. 2021ರ ಮಾರ್ಚ್‌ದಾಗ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ್ಯಾಗ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಹತ್ತಿ ಎಷ್ಟೋ ಮಂದಿ ಇಟ್ಟಿದ್ದು ಸುಟ್ಟುಹೋತು. ಕ್ಲೌಡ್ ಅಂದ್ರ ಆಕಾಶದಾಗ ಇರೋ ಮೋಡ ಅಲ್ಲ, ಎಲ್ಲೋ ಒಂದು ಊರಾಗಿನ ಕಟ್ಟಡ. ಗೂಗಲ್ ಫೋಟೋಸ್‌ನ್ಯಾಗ ಎಷ್ಟ ಫೋಟೋ ಹಾಕಿದ್ರೂ ಪುಕ್ಕಟ ಅನ್ನೋದು 2021ರ ಜೂನ್ 1ಕ್ಕ ಮುಗೀತು. ಈಗ ಎಲ್ಲಾ ಕೂಡಿ 15 ಜಿಬಿ. ಅದಕ್ಕ ಒಬ್ಬರನ್ನ ನಂಬಿ ಕೂಡ್ರಬಾರದು.

ರೊಕ್ಕ ಕಟ್ಟೋದರಾಗೂ ಒಂದು ಲಕ್ಷ್ಯ ಇರಲಿ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಬಂದ ಮ್ಯಾಲ, ಕಾರ್ಡಿನಿಂದ ತಾನಾಗೇ ರೊಕ್ಕ ಕಟ್ ಆಗೋ ಪದ್ಧತಿಗೆ ಮೊದಲ ಒಪ್ಪಿಗಿ ನೋಂದಾಯಿಸಬೇಕು. ಪರದೇಶದ ಎಷ್ಟೋ ಸೇವಾಕ್ಕ ಆಗ ರೊಕ್ಕ ಹೋಗೋದು ನಿಂತಿತ್ತು. ಕಾರ್ಡ್ ಬದಲಾದ್ರೂ ಹಂಗ ನಿಲ್ತದ. "ರೊಕ್ಕ ಬಂದಿಲ್ಲ" ಅನ್ನೋ ಇಮೇಲ್ ಯಾರೂ ನೋಡದ ಡಬ್ಬ್ಯಾಗ ಬಿದ್ದಿರ್ತದ. ಕಡೀಗೆ ಅವರು ನಿಮ್ಮ ಸಾಮಾನು ಅಳಸ್ತಾರ. ತೀರೋ ತಾರೀಖನ್ನ ಗ್ಯಾಸ್ ಬುಕ್ಕಿಂಗ್ ಬರದಂಗ ಗ್ವಾಡಿ ಕ್ಯಾಲೆಂಡರಿನ ಮ್ಯಾಲ ಬರದಿಡ್ರಿ.

ಕಡೀ ಮಾತು ಕೀಲಿಕೈದು. ನನಗ ಭಾಳ ಅನಸೋದು ಇದ. ನಮ್ಮ ಮನಿಗಳೊಳಗ ಪಾಸ್‌ವರ್ಡ್ ಅನ್ನೋದು ಗಂಡಸರ ಕಿಸೆದಾಗ ಇರ್ತದ, ಇಲ್ಲಾ ದೂರದಾಗಿರೋ ಮಗನ ತಲಿಯೊಳಗ. "ನಿನಗ್ಯಾಕ ಅದು, ನಾ ನೋಡಕೋತೀನಿ" ಅಂತಾರ. ನಮ್ಮ ಓಣಿಯೊಳಗ ಒಬ್ಬಾಕಿಗೆ ಗಂಡ ತೀರಿಕೊಂಡ ಮ್ಯಾಲ ಮೂವತ್ತು ವರ್ಷದ ಫೋಟೋ ಎಲ್ಲಾ ಬ್ಯಾಕಪ್ಪಿನ್ಯಾಗ ಅವ ಅಂತ ಗೊತ್ತದ, ಒಂದನ್ನೂ ನೋಡಲಿಕ್ಕೆ ಆಗವಲ್ತು. ಅವರು ಮ್ಯಾಲ ಇನ್ನೊಂದು ಗುಟ್ಟಿನ ಪಾಸ್‌ವರ್ಡ್ ಹಾಕಿದ್ರಂತ. ಅದನ್ನ ಪ್ರೈವೇಟ್ ಕೀ ಅಂತಾರ. ಇದನ್ನ ಹಾಕಿದ್ರ ಕಂಪನಿಯವರಿಗೂ ಒಳಗಿಂದು ಕಾಣಂಗಿಲ್ಲ, ಅದು ಛಲೋನ. ಆದ್ರ ಅದನ್ನ ಮರತ್ರ ಅವರೂ ತಗಿಲಿಕ್ಕೆ ಬರಂಗಿಲ್ಲ, ಅವರ ಕಾಲಿಗೆ ಬಿದ್ರೂ ಅಷ್ಟ.

"ಪಾಸ್‌ವರ್ಡ್ ಬರದು ಇಡಬಾರದು, ಕಳವಾಗ್ತದ" ಅಂತ ಹೇಳಿ ಕೊಡೋರು ಭಾಳ. ಬ್ಯಾಂಕಿನ ಪಿನ್ನನ್ನ ಎಟಿಎಂ ಕಾರ್ಡಿನ ಮ್ಯಾಲ ಬರಿಬ್ಯಾಡ್ರಿ, ಒಪ್ಪಿದೆ. ಆದ್ರ ಫೋಟೋದ ಬ್ಯಾಕಪ್ಪಿನ ಪಾಸ್‌ವರ್ಡನ್ನ ಒಂದು ಹಾಳಿ ಮ್ಯಾಲ ಬರದು, ಬಂಗಾರ ಇಡೋ ಜಾಗಾದಾಗ ಇಡೋದು ಯಾವ ಲೆಕ್ಕಕ್ಕೂ ತಪ್ಪಲ್ಲ. ಬಂಗಾರ ಕಾಯೋಕಿಗೆ ಒಂದು ಚೀಟಿ ಕಾಯೋದು ಬರಂಗಿಲ್ಲೇನು? ಆ ಚೀಟಿ ಮ್ಯಾಲ ನಾಕು ಸಾಲು ಸಾಕು: ಸೇವಾದ ಹೆಸರು, ಇಮೇಲ್, ಪಾಸ್‌ವರ್ಡ್ ಮತ್ತ ಪ್ರೈವೇಟ್ ಕೀ, ವರ್ಷದ ರೊಕ್ಕ ಕಟ್ಟೋ ತಾರೀಖು. ಒಳಗ ಹೋಗೋ ಮುಂದ ಒಟಿಪಿ ಬರೋ ಫೋನ್ ಯಾರದ್ದು ಅನ್ನೋದನ್ನೂ ಕೇಳಿಟ್ಟುಕೊಳ್ರಿ. ಪಾಸ್‌ಬುಕ್ಕಿಗೆ ನಾಮಿನಿ ಹಾಕಿದಂಗ ಗೂಗಲ್ ಖಾತೆಗೂ ಹಾಕಬಹುದು. "ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್" ಅಂತ ಅದ. ಎರಡು ವರ್ಷ ಮುಟ್ಟದ ಖಾತೆಯನ್ನ ಗೂಗಲ್‌ನವರು ಅಳಸಬಹುದು ಅನ್ನೋ ನಿಯಮನೂ ಅದ. ತೀರಿಕೊಂಡವರ ಖಾತೆದಾಗ ಫೋಟೋ ಇದ್ದರ ತಡ ಮಾಡಬ್ಯಾಡ್ರಿ.

ಹಂಗಾದ್ರ ಯಾರಿಗೆ ಏನು? ಬೀಜದ ಜೋಳ ಸಣ್ಣದಿದ್ದ ಮನಿಗೆ ವರ್ಷಕ್ಕ ಎಂಟು ಸಾವಿರದ ಸೇವಾ ಬೇಕಾಗಿಲ್ಲ. ಎರಡು ಹಾರ್ಡ್ ಡಿಸ್ಕ್ ತಗೊಂಡು ಒಂದು ಮನ್ಯಾಗ, ಒಂದು ತವರುಮನ್ಯಾಗ ಇಟ್ಟು, ಪಂಚಮಿಗೆ ಹೋದಾಗ ಅದಲುಬದಲು ಮಾಡಿಕೊಂಡ್ರೂ ದೂರದ ಪ್ರತಿ ಆತು. ದಿನಾ ಹೊಸದು ಸೇರೋ ಮನಿ ಇದ್ದರ, ಮನ್ಯಾಗ ಕೂತು ಕೆಲಸ ಮಾಡೋರಿದ್ದರ, ಟ್ಯೂಶನ್ ಇಲ್ಲಾ ಹೊಲಿಗಿ ಲೆಕ್ಕ ಇಡೋರಿದ್ದರ, ಆನ್‌ಲೈನ್ ಬ್ಯಾಕಪ್ಪಿಗೆ ರೊಕ್ಕ ಹಾಕೋದು ಛಲೋ. ಯಾಕಂದ್ರ ಅದು ನಿಮ್ಮ ನೆನಪಿನ ಹಂಗಿಲ್ಲದ ತಾನ ನಡೀತದ.

ಈ ಸಲ ಮಗ ಫೋನ್ ಮಾಡಿ "ಹಾಕಸ್ತೀನಿ" ಅಂದ್ರ "ಹಾಕಸಪಾ" ಅನ್ರಿ. ಆದ್ರ ಊರಿಗೆ ಬಂದಾಗ ನನ್ನ ಮುಂದ ಕೂತು ಒಂದು ಫೋಟೋ ತಿರುಗಿ ತಗದು ತೋರಸು, ಆಮ್ಯಾಲ ನನ್ನ ಕೈಲೆ ತಗಸು ಅಂತನೂ ಹೇಳ್ರಿ. ಅಷ್ಟು ಆದ ಮ್ಯಾಲ ವರ್ಷದ ರೊಕ್ಕ ಕೊಡ್ರಿ. ಯಾರಾದ್ರೂ ಈ ಪರೀಕ್ಷಾ ಮಾಡಿದ್ರ ಏನಾತು ಅಂತ ನನಗೂ ತಿಳಸ್ರಿ, ಉಳಿದವರಿಗೆ ಉಪಯೋಗ ಆಗ್ತದ.