ಸೊನ್ನೆಯೂ ಖಾಲಿಯೂ ಒಂದೇ ಅಲ್ಲ

ಹಲವು ವರ್ಷಗಳ ಹಿಂದೆ ಅಂಕಪಟ್ಟಿ ಬರೆಯುವಾಗ ನಾನೊಂದು ತಪ್ಪು ಮಾಡಿದೆ. ಜ್ವರದಿಂದಾಗಿ ಪರೀಕ್ಷೆಗೆ ಬಾರದ ಹುಡುಗಿಯ ಹೆಸರಿನೆದುರು ಖಾಲಿ ಬಿಡುವ ಬದಲು ಸೊನ್ನೆ ಬರೆದೆ. ಮರುದಿನ ಆಕೆಯ ತಂದೆ ಬಂದರು. "ಮಾಷ್ಟ್ರೇ, ಮಗಳು ಪರೀಕ್ಷೆಯನ್ನೇ ಬರೆಯಲಿಲ್ಲ. ಸೊನ್ನೆ ಹೇಗೆ ಬಂತು?" ನನ್ನಲ್ಲಿ ಉತ್ತರವಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಇಂದು ಇಂಥ ಲೆಕ್ಕಗಳನ್ನು ಗಣಕಯಂತ್ರದ ಡೇಟಾಬೇಸ್ ಇಟ್ಟುಕೊಳ್ಳುತ್ತದೆ. ಅಲ್ಲಿ ಖಾಲಿ ಜಾಗಕ್ಕೆ 'ನಲ್' ಎಂದು ಹೆಸರು. ಅದು ಸೊನ್ನೆಯಲ್ಲ, 'ಗೊತ್ತಿಲ್ಲ' ಎಂದರ್ಥ. 35ಕ್ಕಿಂತ ಕಡಿಮೆ ಅಂಕದವರು ಯಾರೆಂದು ಕೇಳಿದರೆ ಆ ಹುಡುಗಿಯ ಹೆಸರು ಬರುವುದಿಲ್ಲ. 35 ಅಥವಾ ಹೆಚ್ಚು ಪಡೆದವರು ಯಾರೆಂದರೂ ಬರುವುದಿಲ್ಲ. ಎರಡು ಪಟ್ಟಿಗಳ ನಡುವೆ ಮಗುವೇ ಮಾಯ!

ನಾವು ಬರೆದ ಆದೇಶಗಳನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಸಿ ಶಾರ್ಪ್ ಭಾಷೆಯ ಕಂಪೈಲರಿಗೆ 2019ರಲ್ಲಿ ಒಂದು ಹೊಸ ಏರ್ಪಾಡು ಬಂತು. ಡೇಟಾಬೇಸಿನಲ್ಲಿ ಹುಡುಕಿದ ದಾಖಲೆ ಸಿಗದೆ ಹೋಗಬಹುದಾದಲ್ಲಿ, ಅದರೊಳಗಿನ ಹೆಸರನ್ನು ಓದಹೊರಟರೆ, "ಇಲ್ಲಿ ಖಾಲಿ ಇರಬಹುದು, ನೋಡಿಕೋ" ಎಂದು ಅದು ಮೊದಲೇ ಎಚ್ಚರಿಸುತ್ತದೆ. ಕೆಲವರು ಒಂದು ಆಶ್ಚರ್ಯಚಿಹ್ನೆ ಹಾಕಿ ಅದರ ಬಾಯಿ ಮುಚ್ಚಿಸುತ್ತಾರೆ. ಎಚ್ಚರಿಕೆ ನಿಲ್ಲುತ್ತದೆ, ಅಪಾಯ ನಿಲ್ಲುವುದಿಲ್ಲ. ದಾಖಲೆ ಸಿಗದ ದಿನ ಕೆಲಸ ನಡುವೆಯೇ ಮುರಿದುಬೀಳುತ್ತದೆ.

ಎಲ್ಲ ಎಚ್ಚರಿಕೆಯೂ ಸರಿಯೇ ಎಂದು ನಾನು ವಾದಿಸುವುದಿಲ್ಲ. ಕೆಲವು ಪ್ರಶ್ನೆಗಳಿಗೆ ಡೇಟಾಬೇಸೇ ತನ್ನೊಳಗೆ ಉತ್ತರ ಹುಡುಕುತ್ತದೆ; ಅಲ್ಲಿ ಖಾಲಿ ಜಾಗದಿಂದ ಕೆಲಸ ಮುರಿಯುವುದಿಲ್ಲ. ಆದರೂ ಕಂಪೈಲರ್ ಅದನ್ನರಿಯದೆ ಗೊಣಗುವುದುಂಟು. ಅಂಥಲ್ಲಿ ಚಿಹ್ನೆ ಹಾಕಬಹುದು. ಆದರೆ ಕಾರಣ ತಿಳಿದು ಹಾಕಬೇಕು, ಬೇಸರದಿಂದಲ್ಲ.

ಖಾಲಿಯನ್ನು ಸೂಚಿಸುವ ಈ ಪದ್ಧತಿಯನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದ ಆಂಗ್ಲ ವಿಜ್ಞಾನಿ ಟೋನಿ ಹೋರ್, ಅದು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು 2009ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅಷ್ಟು ದೊಡ್ಡವರು ತಪ್ಪೊಪ್ಪಿಕೊಂಡ ಮೇಲೆ ನಮಗೇಕೆ ಸಂಕೋಚ?

ರಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ಮಕ್ಕಳು ಗಣಕಯಂತ್ರ ಕಲಿಯಲಿ, ಜೊತೆಗೆ ಎಚ್ಚರಿಕೆಗೆ ಕಿವಿಗೊಡುವುದನ್ನೂ ಕಲಿಯಲಿ. ಗೊತ್ತಿಲ್ಲದ ಕಡೆ 'ಗೊತ್ತಿಲ್ಲ' ಎಂದು ಬರೆಯುವುದು ಅವಮಾನವಲ್ಲ. ಆ ದಿನ ನಾನು ಸೊನ್ನೆಯನ್ನು ಹೊಡೆದುಹಾಕಿ 'ಗೈರುಹಾಜರಿ' ಎಂದು ಬರೆದೆ. ಹುಡುಗಿ ಮತ್ತೆ ಪರೀಕ್ಷೆ ಬರೆದು ಉತ್ತೀರ್ಣಳಾದಳು.