ಸರ್ಕಾರದ ಸಾಲಕ್ಕೆ ಸಂಸಾರದ ಅಳತೆಗೋಲು

ಬಜೆಟ್ ಮಂಡನೆಯಾದ ಮರುದಿನ ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಸಾಲ ಮಾಡಿ ತುಪ್ಪ ತಿಂದರೆ ಸಂಸಾರ ಉಳಿಯುತ್ತಾ? ಸರ್ಕಾರ ಆದರೂ ಅಷ್ಟೇ ತಾನೆ?’ ವಿರೋಧ ಪಕ್ಷದಲ್ಲಿದ್ದಾಗ ರಾಜಕಾರಣಿಗಳು ಆಡುವುದೂ ಇದೇ ಮಾತನ್ನು, ಅಧಿಕಾರಕ್ಕೆ ಬಂದ ಮೇಲೆ ಮರೆಯುವುದೂ ಇದನ್ನೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರಿಗೆ ಈ ವಾದ ಥಟ್ಟನೆ ಒಪ್ಪಿಗೆಯಾಗುತ್ತದೆ. ಅರ್ಥಶಾಸ್ತ್ರ ಓದಿದವರು ಅದನ್ನು ಅಡುಗೆಮನೆಯ ಲೆಕ್ಕವೆಂದು ತಳ್ಳಿಹಾಕುತ್ತಾರೆ. ಎರಡೂ ಕಡೆಯವರು ಅರ್ಧ ಸರಿ. ಸಂಸಾರದ ಹೋಲಿಕೆಯಲ್ಲಿ ಕೈಬಿಡಬೇಕಾದ ಭಾಗವಿದೆ, ಗಟ್ಟಿಯಾಗಿ ಹಿಡಿಯಬೇಕಾದ ಭಾಗವೂ ಇದೆ. ನಮ್ಮ ಸಾರ್ವಜನಿಕ ಚರ್ಚೆ ಬಿಡಬೇಕಾದುದನ್ನು ಹಿಡಿದುಕೊಂಡು, ಹಿಡಿಯಬೇಕಾದುದನ್ನು ಬಿಟ್ಟಿದೆ.

ಮೊದಲಿಗೆ ಸಂಸಾರಗಳು ನಿಜಕ್ಕೂ ಹೇಗೆ ನಡೆಯುತ್ತವೆ ಎಂಬುದನ್ನು ನೋಡೋಣ. ಸಾಲವಿಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ಸೊಸೈಟಿಯ ಬೆಳೆಸಾಲ, ಸ್ತ್ರೀಶಕ್ತಿ ಸಂಘದ ಕಂತು, ಕಿರಾಣಿ ಅಂಗಡಿಯ ಉದ್ರಿ, ಗಾಡಿಗೆ ಇಎಂಐ, ಜೊತೆಗೆ ಯಾರಿಗೂ ಹೇಳದ ಒಂದಿಷ್ಟು ಕೈಗಡ. ರಿಸರ್ವ್ ಬ್ಯಾಂಕ್ ಅಂಕಿಅಂಶದ ಪ್ರಕಾರ 2022–23ರಲ್ಲಿ ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಸುಮಾರು ಶೇ 5ಕ್ಕೆ ಇಳಿದಿತ್ತು. ಹಲವು ದಶಕಗಳಲ್ಲಿ ಇಷ್ಟು ಕೆಳಕ್ಕೆ ಹೋಗಿರಲಿಲ್ಲ. ಅದೇ ವರ್ಷ ಕುಟುಂಬಗಳು ಹೊಸದಾಗಿ ಮಾಡಿದ ಸಾಲ ಜಿಡಿಪಿಯ ಶೇ 5.8ರಷ್ಟು. ಕರ್ನಾಟಕದಲ್ಲಂತೂ ಕಿರುಸಾಲ ಸಂಸ್ಥೆಗಳ ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ. ಸರ್ಕಾರಕ್ಕೆ ಹಾಸಿಗೆಯ ಗಾದೆ ಹೇಳುವ ಮನೆಗಳೇ ಹಾಸಿಗೆಯಾಚೆ ಕಾಲು ಚಾಚಿವೆ.

ಆದರೆ ಜಾಣ ಸಂಸಾರಸ್ಥರು ಎಲ್ಲ ಸಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಬಿತ್ತನೆ ಹೊತ್ತಿಗೆ ಮನೆಯಾಕೆಯ ಸರ ಬ್ಯಾಂಕಿಗೆ ಹೋಗುತ್ತದೆ. ಬೀಜ, ಗೊಬ್ಬರ, ಆಳಿನ ಕೂಲಿ ಅದರಿಂದಲೇ ನಡೆಯುತ್ತದೆ. ಫಸಲು ಮಾರಿದ ಮೇಲೆ ಸರ ಮನೆಗೆ ಬರುತ್ತದೆ. ಮಗಳನ್ನು ನರ್ಸಿಂಗ್ ಓದಿಸಲು, ಕೊಟ್ಟಿಗೆಗೆ ಇನ್ನೊಂದು ಹಸು ತರಲು ಮಾಡಿದ ಸಾಲವನ್ನು ಊರಲ್ಲಿ ಯಾರೂ ಆಡಿಕೊಳ್ಳುವುದಿಲ್ಲ. ಅದೇ ಸರವನ್ನು ಕಲ್ಯಾಣ ಮಂಟಪದ ಬಾಡಿಗೆಗೆ ಅಡವಿಟ್ಟರೆ, ಉಂಡು ಹೋದವರೇ ಆಡಿಕೊಳ್ಳುತ್ತಾರೆ. ದೇಶವೂ ಒಮ್ಮೆ ಚಿನ್ನ ಅಡವಿಟ್ಟಿದೆ. 1991ರಲ್ಲಿ ವಿದೇಶಿ ವಿನಿಮಯ ಬರಿದಾದಾಗ ಮೊದಲು 20 ಟನ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಹೋಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಒತ್ತೆಯಿಟ್ಟು ಸುಮಾರು 40 ಕೋಟಿ ಡಾಲರ್ ಎತ್ತಿತು. ಆಗ ಅದು ಮಾನಹಾನಿಯಂತೆ ಕಂಡಿತ್ತು. ಸಾಲ ಬೇಗನೆ ತೀರಿತು. ಹೊರಗಿನ ಸಾಲಕ್ಕೆ ಕಂತು ತಪ್ಪಿಸದ ದೇಶವೆಂಬ ಹೆಸರೂ ಉಳಿಯಿತು.

ಹಾಗಾದರೆ ಹೋಲಿಕೆಯಲ್ಲಿ ಬಿಡಬೇಕಾದದ್ದು ಯಾವುದು? ಮನೆ ಸಾಲ ಮಾಡುವುದು ಹೊರಗಿನವರ ಬಳಿ. ಸರ್ಕಾರದ ಸಾಲದ ದೊಡ್ಡ ಪಾಲು ನಮ್ಮದೇ ದುಡ್ಡು. ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಟ್ಟುವ ಆರ್‌.ಡಿ, ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆ, ಪಿಪಿಎಫ್ ಎಲ್ಲವೂ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಗೆ ಸೇರುತ್ತವೆ. ಅಲ್ಲಿಂದ ಸರ್ಕಾರಕ್ಕೆ ಸಾಲವಾಗಿ ಹೋಗುತ್ತವೆ. ಎಲ್ಐಸಿ ಪ್ರೀಮಿಯಂ, ಭವಿಷ್ಯನಿಧಿ, ಬ್ಯಾಂಕ್ ಠೇವಣಿಯ ಒಂದು ಪಾಲು ಸರ್ಕಾರಿ ಸಾಲಪತ್ರಗಳಾಗುತ್ತವೆ. ರಾಜ್ಯಗಳ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕ್ ಸಾಮಾನ್ಯವಾಗಿ ಮಂಗಳವಾರದಂದು ಹರಾಜು ಹಾಕುತ್ತದೆ. ಕೊಳ್ಳುವವರಲ್ಲಿ ಹೆಚ್ಚಿನವರು ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯನಿಧಿ ಸಂಸ್ಥೆಗಳು. 2021ರ ನವೆಂಬರ್‌ನಿಂದ ಸಾಮಾನ್ಯರೂ ನೇರವಾಗಿ ಕೊಳ್ಳಬಹುದು. ‘ತಲೆಗಿಷ್ಟು ಸಾಲ ಹೊರಿಸಿದರು’ ಎಂದು ಕೋಪಗೊಳ್ಳುವ ನಿವೃತ್ತ ಮೇಷ್ಟರಿಗೆ ಬಡ್ಡಿ ಬರುವುದು ಆ ಸಾಲದಿಂದಲೇ. ಸಾಲ ಪೂರ್ತಿ ತೀರಿಬಿಟ್ಟರೆ ಅವರ ಉಳಿತಾಯಕ್ಕೆ ಇಷ್ಟೇ ಭದ್ರವಾದ ಇನ್ನೊಂದು ಜಾಗ ಹುಡುಕಬೇಕಾಗುತ್ತದೆ.

ಮನೆಯೊಂದು ಖರ್ಚು ಬಿಗಿಹಿಡಿದರೆ ಅದರ ಆದಾಯ ಕುಗ್ಗುವುದಿಲ್ಲ. ದೇಶಕ್ಕೆ ದೇಶವೇ ಬಿಗಿಹಿಡಿದರೆ ಕುಗ್ಗುತ್ತದೆ, ಏಕೆಂದರೆ ಒಬ್ಬರ ಖರ್ಚು ಇನ್ನೊಬ್ಬರ ಗಳಿಕೆ. 2020ರ ಲಾಕ್‌ಡೌನ್‌ನಲ್ಲಿ ಇದು ಕಣ್ಣಿಗೆ ಕಂಡಿತು. ಅಂಗಡಿ ಮುಚ್ಚಿ, ಕೂಲಿ ನಿಂತು, ಎಲ್ಲರೂ ಕೈ ಬಿಗಿಹಿಡಿದ ಹೊತ್ತಿನಲ್ಲಿ ಸರ್ಕಾರವೂ ಹಾಗೇ ಮಾಡಿದ್ದರೆ ಹಳ್ಳಿಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. 2020–21ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ಸಿಕ್ಕಿತು. ಹಿಂದಿನ ವರ್ಷ ಅದು ಸುಮಾರು 265 ಕೋಟಿ. ಕೇಂದ್ರದ ವಿತ್ತೀಯ ಕೊರತೆ ಜಿಡಿಪಿಯ ಶೇ 9 ದಾಟಿತು. ಸಂಸಾರದ ಲೆಕ್ಕದಲ್ಲಿ ಅದು ದುಂದು, ದೇಶದ ಲೆಕ್ಕದಲ್ಲಿ ಕರ್ತವ್ಯ.

ಮನುಷ್ಯನಿಗೆ ವಯಸ್ಸಾಗುತ್ತದೆ ಎಂಬುದು ಇನ್ನೊಂದು ವ್ಯತ್ಯಾಸ. 55 ದಾಟಿದವರಿಗೆ ಬ್ಯಾಂಕು 30 ವರ್ಷದ ಗೃಹಸಾಲ ಕೊಡುವುದಿಲ್ಲ. ಸರ್ಕಾರಕ್ಕೆ ನಿವೃತ್ತಿಯಿಲ್ಲ, ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುತ್ತಾ ಸಾಗಬಹುದು. ನೋಡಬೇಕಾದದ್ದು ಬಡ್ಡಿ ಎಷ್ಟು ನುಂಗುತ್ತಿದೆ ಎಂಬುದನ್ನು. 2025–26ರ ಕೇಂದ್ರ ಬಜೆಟ್‌ನಲ್ಲಿ ಪ್ರತಿ ರೂಪಾಯಿಯಲ್ಲಿ 24 ಪೈಸೆ ಬರುವುದು ಸಾಲದಿಂದ, 20 ಪೈಸೆ ಹೋಗುವುದು ಬಡ್ಡಿಗೆ. ಆದಾಯ ಬಡ್ಡಿಗಿಂತ ವೇಗವಾಗಿ ಬೆಳೆಯುತ್ತಿದ್ದರೆ ಬಂಡಿ ಸಾಗುತ್ತದೆ. ಇಲ್ಲದಿದ್ದರೆ ಶಾಲೆ, ಆಸ್ಪತ್ರೆಗೆ ಉಳಿಯುವ ಪೈಸೆ ಕರಗುತ್ತದೆ.

ಇಷ್ಟು ಹೇಳಿದ ಮೇಲೆ ‘ಸರ್ಕಾರ ಎಷ್ಟಾದರೂ ಸಾಲ ಮಾಡಬಹುದು’ ಎಂಬ ತೀರ್ಮಾನಕ್ಕೆ ಹಾರುವುದು ಅಷ್ಟೇ ತಪ್ಪು. ದೆಹಲಿಯೂ ಬೆಂಗಳೂರೂ ಒಂದೇ ಬಗೆಯ ಮನೆಯಲ್ಲ. ನೋಟು ಚಲಾವಣೆ, ಬಡ್ಡಿದರ, ವಿದೇಶಿ ವಿನಿಮಯ ಯಾವುದೂ ರಾಜ್ಯದ ಕೈಯಲ್ಲಿಲ್ಲ. ಕೇಂದ್ರದ ಸಾಲ ಬಾಕಿ ಇರುವ ರಾಜ್ಯವು ಹೊಸ ಸಾಲ ಮಾಡಬೇಕಿದ್ದರೆ ಸಂವಿಧಾನದ 293ನೇ ವಿಧಿಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ತೆರಿಗೆ ದರವನ್ನು ತಾನಾಗಿ ಏರಿಸುವ ದಾರಿಯೂ ಹೆಚ್ಚುಕಡಿಮೆ ಮುಚ್ಚಿತು. ಉಳಿದದ್ದು ಅಬಕಾರಿ, ನೋಂದಣಿ ಶುಲ್ಕ, ಮೋಟಾರು ವಾಹನ ತೆರಿಗೆ, ಪೆಟ್ರೋಲ್–ಡೀಸೆಲ್ ಮೇಲಿನ ಮಾರಾಟ ತೆರಿಗೆ. ಜಿಎಸ್‌ಟಿ ಪರಿಹಾರ 2022ರ ಜೂನ್‌ಗೆ ನಿಂತಿತು. ಹೀಗಾಗಿ ರಾಜ್ಯ ಸರ್ಕಾರದ ಸ್ಥಿತಿ ಸಂಬಳದ ಮೇಲೆ ಬದುಕುವ ಮನೆಗೆ ತೀರಾ ಹತ್ತಿರ. ಹೋಲಿಕೆಯ ಗಟ್ಟಿ ಭಾಗ ಅನ್ವಯವಾಗುವುದು ಇಲ್ಲಿಯೇ.

ಕರ್ನಾಟಕಕ್ಕೆ ಇದು ಹೊಸ ಪಾಠವೇನಲ್ಲ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ಕೇಂದ್ರ ಸರ್ಕಾರ ಅಂಥ ಕಾಯ್ದೆ ಮಾಡಿದ್ದು ಅದರ ಮರುವರ್ಷ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ (ಜಿಎಸ್‌ಡಿಪಿ) ಶೇ 3 ಮೀರಬಾರದು, ಒಟ್ಟು ಹೊಣೆಗಾರಿಕೆ ಶೇ 25 ದಾಟಬಾರದು, ದಿನನಿತ್ಯದ ಖರ್ಚು ದಿನನಿತ್ಯದ ಆದಾಯದಲ್ಲೇ ಮುಗಿಯಬೇಕು ಎಂಬುದು ಅದರ ಸಾರ. 2004–05ರಿಂದ ಕೋವಿಡ್ ಬರುವವರೆಗೆ, ಯಾವ ಪಕ್ಷ ಅಧಿಕಾರದಲ್ಲಿದ್ದರೂ, ರಾಜ್ಯ ರಾಜಸ್ವ ಹೆಚ್ಚುವರಿಯನ್ನು ಕಾಯ್ದುಕೊಂಡಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು 2025ರ ಮಾರ್ಚ್‌ನಲ್ಲಿ ಮಂಡಿಸಿದ ₹4.09 ಲಕ್ಷ ಕೋಟಿಯ ಬಜೆಟ್‌ನಲ್ಲಿ ವಿತ್ತೀಯ ಕೊರತೆ ಶೇ 2.95, ಹೊಣೆಗಾರಿಕೆ ಶೇ 24.91. ಎರಡೂ ಮಿತಿಯೊಳಗಿವೆ ನಿಜ, ಆದರೆ ಕಾಲಿನ ಬೆರಳು ಹಾಸಿಗೆಯ ಅಂಚನ್ನು ಮುಟ್ಟಿದೆ. ಹೆಚ್ಚು ಕಾಡಬೇಕಾದ ಅಂಕಿ ಮೂರನೆಯದು: ₹19,262 ಕೋಟಿಯ ರಾಜಸ್ವ ಕೊರತೆ. ₹90,428 ಕೋಟಿಯ ವಿತ್ತೀಯ ಕೊರತೆಯ ಪಕ್ಕದಲ್ಲಿಟ್ಟು ನೋಡಿದರೆ, ಸಾಲದ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು 21 ರೂಪಾಯಿ ರಸ್ತೆ, ಕಾಲುವೆ, ಕಟ್ಟಡಕ್ಕೆ ಹೋಗದೆ ತಿಂಗಳ ಖರ್ಚಿಗೇ ಹೋಗುತ್ತದೆ.

ಇದಕ್ಕೆಲ್ಲ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳೇ ಕಾರಣ ಎಂಬುದು ಜನಪ್ರಿಯ ವಾದ. ಅದೇ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ತೆಗೆದಿರಿಸಿದ್ದು ₹51,034 ಕೋಟಿ, ಒಟ್ಟು ಗಾತ್ರದ ಸುಮಾರು ಎಂಟನೇ ಒಂದು ಭಾಗ. ಕಡಿಮೆ ಮೊತ್ತವೇನಲ್ಲ. ಆದರೆ 2024ರ ಆಗಸ್ಟ್‌ನಿಂದ ಜಾರಿಯಾದ ಏಳನೇ ವೇತನ ಆಯೋಗದ ಶಿಫಾರಸಿನಿಂದ ವರ್ಷಕ್ಕೆ ₹20 ಸಾವಿರ ಕೋಟಿಗೂ ಹೆಚ್ಚು ಹೊರೆ ಬಿತ್ತು. ಅದನ್ನು ಯಾರೂ ‘ಬಿಟ್ಟಿ’ ಎನ್ನಲಿಲ್ಲ, ಎನ್ನಲೂಬಾರದು. ಸಂಸಾರದ ಮಾತು ಎತ್ತುವವರು ಸಂಸಾರದ ಒಳಗನ್ನೂ ನೋಡಬೇಕು. ಅಜ್ಜಿಯ ಮಾತ್ರೆಗೆ, ಮೊಮ್ಮಗುವಿನ ಹಾಲಿಗೆ ಮನೆಯಲ್ಲಿ ಯಾರೂ ಲಾಭದ ಲೆಕ್ಕ ಹಾಕುವುದಿಲ್ಲ. ಗ್ಯಾರಂಟಿಯಡಿ ಯಜಮಾನಿಯ ಖಾತೆಗೆ ಬರುವ ₹2,000 ಸಂಘದ ಕಂತಿಗೋ ಗ್ಯಾಸ್ ಸಿಲಿಂಡರಿಗೋ ಮಕ್ಕಳ ಟ್ಯೂಷನ್ನಿಗೋ ಹೋಗಿ ಊರಿನ ಅಂಗಡಿಯಲ್ಲೇ ಸುತ್ತುತ್ತದೆ. ಕೊಡುವುದು ತಪ್ಪಲ್ಲ; ಪ್ರತಿ ತಿಂಗಳು ಕೊಡಬೇಕಾದುದನ್ನು ಪ್ರತಿ ತಿಂಗಳು ಬರುವ ಆದಾಯದಿಂದ ಕೊಡದಿರುವುದು ತಪ್ಪು. ಹೊಸ ಆದಾಯ ಹುಡುಕಬೇಕು, ಇಲ್ಲವೇ ಬೇರೆ ಖರ್ಚು ಕತ್ತರಿಸಬೇಕು. ಎರಡನ್ನೂ ಮಾಡದ ಸರ್ಕಾರ ಮನೆಗೆಲಸದಾಕೆಯ ಸಂಬಳವನ್ನೂ ಸಾಲ ಮಾಡಿ ಕೊಡುವ ಯಜಮಾನನಾಗುತ್ತದೆ.

ಈ ಬೋಧನೆ ಬೆಂಗಳೂರಿಗೆ ಮಾತ್ರ ಸಲ್ಲುವುದೂ ಅಲ್ಲ. 2025–26ರ ಕೇಂದ್ರ ಬಜೆಟ್‌ನಲ್ಲಿ ವಿತ್ತೀಯ ಕೊರತೆ ₹15.69 ಲಕ್ಷ ಕೋಟಿ, ಅದರಲ್ಲಿ ರಾಜಸ್ವ ಕೊರತೆಯೇ ₹5.24 ಲಕ್ಷ ಕೋಟಿ. ಅಂದರೆ ಮೂರನೇ ಒಂದು ಭಾಗ. ಆಸ್ತಿ ನಿರ್ಮಾಣಕ್ಕೆಂದು ಕೊಡುವ ಅನುದಾನವನ್ನು ಕಳೆದರೆ ಇದು ಬಹಳ ಕಡಿಮೆ ಎನ್ನುತ್ತದೆ ಕೇಂದ್ರ. ಆ ವಾದದಲ್ಲಿ ಹುರುಳಿದೆ. ಆದರೂ ರಾಜ್ಯಗಳಿಗೆ ಶಿಸ್ತಿನ ಪಾಠ ಹೇಳುವವರು ಈ ಅಂಕಿಯನ್ನು ಮುಚ್ಚಿಟ್ಟು ಹೇಳಬಾರದು.

ಸಂಸಾರಗಳು ಮುಳುಗುವುದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕಾಣುವ ಸಾಲದಿಂದಲ್ಲ, ಕಾಣದ ಸಾಲದಿಂದ. ಗಂಡ ಯಾರಿಗೋ ಹಾಕಿದ ಜಾಮೀನು, ಅಂಗಡಿಯಲ್ಲಿ ಬೆಳೆದ ಉದ್ರಿ, ಅಣ್ಣತಮ್ಮಂದಿರ ಬಳಿ ಮಾಡಿದ ಕೈಗಡ ಹೊರಬರುವುದು ವಸೂಲಿಗೆ ಬಂದವರು ಹೊಸ್ತಿಲಲ್ಲಿ ನಿಂತಾಗ. ಸರ್ಕಾರಗಳಿಗೂ ಈ ಮೂರು ಚಾಳಿಗಳಿವೆ. ಪಡಿತರ ಅಕ್ಕಿಯ ಸಬ್ಸಿಡಿಯನ್ನು ಕೇಂದ್ರವು ಹಲವು ವರ್ಷ ಪೂರ್ತಿ ಕೊಡದೆ, ಭಾರತ ಆಹಾರ ನಿಗಮದಿಂದ ಸಣ್ಣ ಉಳಿತಾಯ ನಿಧಿಯಲ್ಲಿ ಸಾಲ ಮಾಡಿಸಿತು. ಅಂಚೆ ಕಚೇರಿಯ ಆರ್‌.ಡಿ ದುಡ್ಡು ಹೀಗೆ ನ್ಯಾಯಬೆಲೆ ಅಂಗಡಿಯ ಅಕ್ಕಿಯಾಯಿತು, ಬಜೆಟ್‌ನ ಕೊರತೆಯಲ್ಲಿ ಮಾತ್ರ ಕಾಣಲಿಲ್ಲ. 2021ರ ಫೆಬ್ರುವರಿಯಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಆ ಬಾಕಿಯನ್ನು ಲೆಕ್ಕಕ್ಕೆ ತಂದಾಗ ಆ ವರ್ಷದ ಆಹಾರ ಸಬ್ಸಿಡಿಯ ಪರಿಷ್ಕೃತ ಅಂದಾಜು ₹4.22 ಲಕ್ಷ ಕೋಟಿಗೆ ಜಿಗಿಯಿತು. ಉಚಿತ ಧಾನ್ಯದ ಖರ್ಚೂ ಅದರಲ್ಲಿ ಸೇರಿತ್ತು. ತಡವಾದರೂ ಅದು ಮೆಚ್ಚಬೇಕಾದ ಪ್ರಾಮಾಣಿಕತೆ.

ಎರಡನೆಯ ಚಾಳಿ ಜಾಮೀನು. ನಮ್ಮಲ್ಲೇ ನೋಡಿ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು, ಬಸ್ಸುಗಳು ತುಂಬಿದವು. 2025ರ ಜನವರಿಯಲ್ಲಿ ಪ್ರಯಾಣದರ ಶೇ 15ರಷ್ಟು ಏರಿತು. ಅದೇ ಹೊತ್ತಿಗೆ ನಾಲ್ಕು ಸಾರಿಗೆ ನಿಗಮಗಳು ಭವಿಷ್ಯನಿಧಿ ಬಾಕಿ ಮತ್ತು ಇಂಧನದ ಬಿಲ್ ತೀರಿಸಲು ₹2,000 ಕೋಟಿ ಸಾಲ ಎತ್ತುವುದಕ್ಕೆ ಸರ್ಕಾರ ಜಾಮೀನು ನಿಂತಿತು. ಡೀಸೆಲ್ ಬಿಲ್ಲಿಗೆ ಸಾಲ ಮಾಡುವ ಸ್ಥಿತಿ ಯಾವ ಮನೆಗೆ ಬಂದರೂ ಹಿರಿಯರು ಕೂತು ಮಾತಾಡುತ್ತಾರೆ. ಇಂಥ ಸಾಲವನ್ನು ರಾಜ್ಯದ ಸಾಲವೆಂದೇ ಎಣಿಸಬೇಕೇ ಎಂಬ ಜಗಳದಲ್ಲಿ ಕೇರಳ ಸುಪ್ರೀಂ ಕೋರ್ಟಿಗೆ ಹೋಗಿದೆ. 2024ರ ಏಪ್ರಿಲ್‌ನಲ್ಲಿ ಪ್ರಕರಣ ಸಂವಿಧಾನ ಪೀಠಕ್ಕೆ ವರ್ಗವಾಯಿತು. ತೀರ್ಪು ಏನೇ ಬರಲಿ, ಜಾಮೀನು ಹಾಕಿದವರ ಮೇಲೆ ಸಾಲ ಯಾವ ಹೊತ್ತಿಗಾದರೂ ಬೀಳಬಹುದು ಎಂಬುದನ್ನು ತಿಳಿಯಲು ಕೋರ್ಟ್ ಬೇಕಿಲ್ಲ. ಮೂರನೆಯ ಚಾಳಿ ಗುತ್ತಿಗೆದಾರರ ಬಾಕಿ ಬಿಲ್. ಕೆಲಸ ಮುಗಿದಿದೆ, ಹಣ ಕೊಟ್ಟಿಲ್ಲ. ಕೊಡದಿರುವುದರಿಂದಲೇ ಕೊರತೆ ಕಡಿಮೆ ಕಾಣುತ್ತದೆ. ಇದು ಸರ್ಕಾರದ ಉದ್ರಿ ಪುಸ್ತಕ. ಅಂಗಡಿಯವನಂತೆ ಗುತ್ತಿಗೆದಾರನೂ ಕಾಯುವ ಬಡ್ಡಿಯನ್ನು ಮುಂದಿನ ಟೆಂಡರಿನ ದರದಲ್ಲಿ ಸೇರಿಸಿಯೇ ವಸೂಲು ಮಾಡುತ್ತಾನೆ.

ಇಂಥ ಮಾಹಿತಿ ಬಜೆಟ್ ಕಡತಗಳಲ್ಲಿ ಇಲ್ಲವೇ ಇಲ್ಲವೆಂದಲ್ಲ. ಮಧ್ಯಮಾವಧಿ ವಿತ್ತೀಯ ಯೋಜನೆಯನ್ನು ಸದನದ ಮುಂದಿಡಲಾಗುತ್ತದೆ, ಖಾತರಿಗಳ ಪಟ್ಟಿ ಇರುತ್ತದೆ, ಮಹಾಲೇಖಪಾಲರ ವರದಿಗಳು ಬರುತ್ತವೆ. ಆದರೆ ಅವು ಹತ್ತಾರು ಸಂಪುಟಗಳಲ್ಲಿ ಚದುರಿಹೋಗಿವೆ. ಮಹಾಲೇಖಪಾಲರ ಮಾತು ಕೇಳುವಷ್ಟರಲ್ಲಿ ದುಡ್ಡು ಖರ್ಚಾಗಿರುತ್ತದೆ. 2002ರ ಕಾಯ್ದೆಗೆ ಒಂದು ಸಣ್ಣ ತಿದ್ದುಪಡಿ ಸಾಕು: ಬಜೆಟ್ ಭಾಷಣದ ಜೊತೆಗೆ, ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ ನಾಲ್ಕು ಸಾಲು ಕಡ್ಡಾಯವಾಗಲಿ. ಹೊಸ ಸಾಲದಲ್ಲಿ ದಿನನಿತ್ಯದ ಖರ್ಚಿಗೆ ಹೋಗುವುದೆಷ್ಟು? ಬಡ್ಡಿಗೆ ಆದಾಯದ ಎಷ್ಟು ಪಾಲು? ನಿಗಮ–ಮಂಡಳಿಗಳಿಗೆ ಹಾಕಿದ ಜಾಮೀನು ಎಷ್ಟು? 90 ದಿನ ದಾಟಿಯೂ ಪಾವತಿಯಾಗದ ಬಿಲ್ ಎಷ್ಟು? ಗ್ಯಾರಂಟಿ ಬೇಕೇ ಬೇಡವೇ, ಮೇಲ್ಸೇತುವೆ ಮೊದಲೋ ಆಸ್ಪತ್ರೆ ಮೊದಲೋ ಎಂಬ ರಾಜಕೀಯ ಜಗಳ ಆಮೇಲೆ ಆ ಹಾಳೆಯ ಮೇಲೆ ನಡೆಯಲಿ. ತನಗೆ ತಾನೇ ಕಡಿವಾಣ ಹಾಕಿಕೊಂಡು ದೇಶಕ್ಕೆ ದಾರಿ ತೋರಿಸಿದ ರಾಜ್ಯಕ್ಕೆ ಇದು ಆಗದ ಕೆಲಸವಲ್ಲ. ಮಾಡದಿದ್ದರೆ ಬೊಕ್ಕಸದಲ್ಲಿ ದುಡ್ಡಿಲ್ಲವೆಂಬ ನೆಪವಂತೂ ನಡೆಯದು. ಲೆಕ್ಕ ತೋರಿಸುವುದಕ್ಕೆ ಯಾರೂ ಸಾಲ ಮಾಡಬೇಕಾಗಿಲ್ಲ.