ಸಂದರ್ಶನಕ್ಕೆ ಬರಿಗೈಯಲ್ಲಿ ಹೋಗುವುದೇಕೆ?

ಗೂಡ್ಸ್ ಶೆಡ್ ಇರುವ ನಮ್ಮ ನಾಡಿನ ಪಟ್ಟಣಗಳಲ್ಲಿ ಒಂದು ದೃಶ್ಯ ಸಾಮಾನ್ಯವಾಗಿದೆ. ಸಿಮೆಂಟು ಮತ್ತು ಗೊಬ್ಬರದ ಮೂಟೆಗಳನ್ನು ವ್ಯಾಗನ್‌ನಿಂದ ಇಳಿಸುವ ಹಮಾಲಿಗಳಲ್ಲಿ ನಮ್ಮ ಸಮುದಾಯದವರಿದ್ದಾರೆ. ಹೊರಗೆ ಸಾಲುಗಟ್ಟಿ ನಿಂತ ಲಾರಿಗಳ ಚಾಲಕರಲ್ಲಿ, ಕ್ಲೀನರ್‌ಗಳಲ್ಲಿ, ಗ್ಯಾರೇಜಿನ ಕೆಲಸಗಾರರಲ್ಲಿ ಇದ್ದಾರೆ. ಆದರೆ ಎಷ್ಟು ಮೂಟೆ ಬಂತು, ಎಷ್ಟು ಹರಿದಿತ್ತು, ಯಾವ ಲಾರಿಗೆ ಎಷ್ಟು ಹೋಯಿತು ಎಂದು ಲೆಕ್ಕ ಬರೆಯುವ ಮೇಜಿನ ಹಿಂದೆ ಅವರು ವಿರಳ. ಬೆವರು ನಮ್ಮದು, ದಾಖಲೆ ಇನ್ನೊಬ್ಬರದು. ಇದು ಹೀಗೇಕೆ ಎಂದು ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ಆ ಪ್ರಶ್ನೆಯನ್ನು ಸರಕಾರದ ಮುಂದೆ ಇಟ್ಟಷ್ಟೇ ನಿಷ್ಠುರವಾಗಿ ನಮ್ಮ ಮನೆಯಂಗಳದಲ್ಲೂ ಇಡಬೇಕಾಗಿದೆ.

2006ರಲ್ಲಿ ಸಲ್ಲಿಕೆಯಾದ ನ್ಯಾಯಮೂರ್ತಿ ರಾಜೀಂದರ್ ಸಾಚಾರ್ ಸಮಿತಿಯ ವರದಿಯು ರೈಲ್ವೆಯ ಕುರಿತು ಹೇಳಿದ್ದನ್ನು ಸಮುದಾಯದ ಭಾಷಣಕಾರರು ಬಾಯಿಪಾಠ ಮಾಡಿದ್ದಾರೆ. 2001ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 13.4ರಷ್ಟಿದ್ದರೆ, ರೈಲ್ವೆ ನೌಕರರಲ್ಲಿ ಅವರ ಪಾಲು ಕೇವಲ ಶೇ. 4.5 ಆಗಿತ್ತು. ಅವರಲ್ಲೂ ಶೇ. 98.7 ಮಂದಿ ಕೆಳದರ್ಜೆಯ ಹುದ್ದೆಗಳಲ್ಲೇ ಇದ್ದರು. ಈ ಅಂಕಿಗಳನ್ನು ವೇದಿಕೆಯಿಂದ ವೇದಿಕೆಗೆ ಹೊತ್ತೊಯ್ದು ಕಣ್ಣೀರು ಹಾಕಿದ್ದಾಯಿತು. ಆದರೆ ಅದೇ ವರದಿಯ ಇನ್ನೊಂದು ಅಂಶವನ್ನು ಯಾವ ವೇದಿಕೆಯಲ್ಲೂ ಅಷ್ಟು ಜೋರಾಗಿ ಹೇಳಿದ್ದು ನಮಗೆ ಕೇಳಿಸಿಲ್ಲ. 2003 ಮತ್ತು 2004ರ ನಾಗರಿಕ ಸೇವಾ ಪರೀಕ್ಷೆ ಬರೆದವರಲ್ಲಿ ಮುಸ್ಲಿಮರು ಶೇ. 4.9 ಮಾತ್ರ. ಹಾಗೆ ಬರೆದವರ ಯಶಸ್ಸಿನ ಪ್ರಮಾಣವು ಇತರರ ಪ್ರಮಾಣಕ್ಕೆ ಹೆಚ್ಚುಕಡಿಮೆ ಸಮಾನವಾಗಿಯೇ ಇತ್ತು! ಅಂದರೆ, ಹೋದವರು ಇತರರಿಗಿಂತ ಹೆಚ್ಚು ಸೋಲಲಿಲ್ಲ. ಹೋಗಬೇಕಾದವರು ಹೋಗಲಿಲ್ಲ.

ತಾರತಮ್ಯವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಖಾಸಗಿ ಕಂಪೆನಿಗಳ ಬಣ್ಣ ಬಯಲು ಮಾಡಿತ್ತು. ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆಬೇರೆ ಹೆಸರುಗಳಲ್ಲಿ ಕಳುಹಿಸಿದಾಗ, ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರಿನವುಗಳಿಗಿಂತ ತೀರಾ ಕಡಿಮೆಯಿತ್ತು. ಈ ಅನ್ಯಾಯವನ್ನು ತಡೆಯಲು ಸಮಾನ ಅವಕಾಶ ಆಯೋಗ ಬೇಕೆಂದು ಸಾಚಾರ್ ಸಮಿತಿ ಶಿಫಾರಸು ಮಾಡಿತ್ತು. ಅಧಿಕಾರಕ್ಕೆ ಬಂದ ಯಾವ ಪಕ್ಷವೂ ಅದನ್ನು ಸ್ಥಾಪಿಸಲಿಲ್ಲ. ನಮ್ಮ ಮತ ಬೇಕೆನ್ನುವವರಿಗೂ ಅದು ಬೇಕಾಗಲಿಲ್ಲ, ಬೇಡವೆನ್ನುವವರಿಗಂತೂ ಮೊದಲೇ ಬೇಕಿರಲಿಲ್ಲ.

ಹಾಗಾದರೆ ಹೆಸರು ನೋಡಿಯೇ ತಿರಸ್ಕರಿಸುವ ಜಗತ್ತಿನಲ್ಲಿ ಸಿದ್ಧತೆಯಿಂದ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಪ್ರಯೋಜನವಿದೆ. ಪಕ್ಷಪಾತಿಗೆ ಅತ್ಯಂತ ಅನುಕೂಲಕರ ವ್ಯಕ್ತಿಯೆಂದರೆ ಸಿದ್ಧತೆಯಿಲ್ಲದೆ ಬಂದ ಅಭ್ಯರ್ಥಿ. ಆತನನ್ನು ಹೊರಗೆ ಕಳುಹಿಸಲು ಯಾವ ನೆಪವನ್ನೂ ಹುಡುಕಬೇಕಾಗಿಲ್ಲ. ಆದರೆ ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟವನನ್ನು ತಿರಸ್ಕರಿಸಬೇಕಾದರೆ ತಿರಸ್ಕರಿಸುವವನ ಮುಖವಾಡ ಕಳಚಲೇಬೇಕು.

ಗೂಡ್ಸ್ ಶೆಡ್‌ನ ಮಾತನ್ನೇ ಈಗ ಎತ್ತಲು ಕಾರಣವಿದೆ. ಸರಕು ಸಾಗಾಟದ ಸ್ವರೂಪ ಬದಲಾಗುತ್ತಿದೆ. 2006ರಲ್ಲಿ ಕಂಟೈನರ್ ರೈಲುಗಳನ್ನು ಓಡಿಸಲು ಖಾಸಗಿಯವರಿಗೆ ಅವಕಾಶ ಸಿಕ್ಕಿತು. 2021ರ ಡಿಸೆಂಬರ್‌ನಲ್ಲಿ ಬಂದ ಗತಿಶಕ್ತಿ ಕಾರ್ಗೋ ಟರ್ಮಿನಲ್ ನೀತಿಯು ಸರಕು ಟರ್ಮಿನಲ್‌ಗಳನ್ನು ಕಟ್ಟಿ ನಡೆಸಲು ಅವರಿಗೆ ಇನ್ನಷ್ಟು ಬಾಗಿಲು ತೆರೆಯಿತು. ಲಾರಿಗಳನ್ನೇ ರೈಲಿನ ಮೇಲೆ ಹೇರಿಕೊಂಡು ಹೋಗುವ ರೋ-ರೋ ಸೇವೆಯನ್ನು ಕೊಂಕಣ ರೈಲ್ವೆ 1999ರಲ್ಲೇ ಆರಂಭಿಸಿತ್ತು, ಅನಂತರ ಅದು ಸುರತ್ಕಲ್‌ವರೆಗೂ ಬಂತು. ಲಾರಿಯನ್ನೇ ನಂಬಿ ಬದುಕಿದ ಕರಾವಳಿಯ ಸಾವಿರಾರು ಕುಟುಂಬಗಳಿಗೆ ಇದರಲ್ಲಿ ಪಾಠವಿಲ್ಲವೇ? ಸರಕು ರಸ್ತೆಯಿಂದ ಹಳಿಗೆ ಹೋಗುವುದಾದರೆ, ಆ ಸರಕಿನ ಜೊತೆಗೇ ನಮ್ಮ ಮಕ್ಕಳೂ ಹೋಗಬೇಡವೇ? ಬೆಂಗಳೂರಿನ ವೈಟ್‌ಫೀಲ್ಡ್‌ನ ಕಂಟೈನರ್ ಡಿಪೋ ಇರಲಿ, ಬಂದರಿನ ಪಕ್ಕದ ಪಣಂಬೂರು ಇರಲಿ, ಇಂಥ ಕಡೆ ಚಾಲಕರ, ಹಮಾಲಿಗಳ ಜೊತೆಗೆ ಗುಮಾಸ್ತರು, ಯಾರ್ಡ್ ಮೇಲ್ವಿಚಾರಕರು, ಯಂತ್ರ ಚಾಲಕರು, ದಾಖಲೆ ನೋಡಿಕೊಳ್ಳುವವರು ಬೇಕಾಗುತ್ತಾರೆ. ಪಿಯುಸಿ, ಐಟಿಐ, ಬಿಕಾಂ ಓದಿದವರಿಗೆ ನಿಲುಕುವ ಕೆಲಸಗಳಿವು.

ಸಿದ್ಧತೆಯ ಮೊದಲ ಪಾಠ, ಕೆಲಸ ಕೊಡುವವರು ಯಾರೆಂದು ತಿಳಿಯುವುದು. ರೈಲ್ವೆ ಇಲಾಖೆಯ ನೌಕರಿ ಬೇರೆ, ಖಾಸಗಿ ಟರ್ಮಿನಲ್‌ನ ನೌಕರಿ ಬೇರೆ. ಕೇಂದ್ರ ಸರಕಾರದ ಕೆಳದರ್ಜೆಯ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ರದ್ದುಪಡಿಸಲಾಗಿದೆ. ರೈಲ್ವೆ ನೇಮಕಾತಿ ಮಂಡಳಿಯ ಇಂಥ ಹುದ್ದೆಗಳಿಗೆ ಇರುವುದು ಕಂಪ್ಯೂಟರ್ ಪರೀಕ್ಷೆ, ಕೆಲವಕ್ಕೆ ದೈಹಿಕ ಪರೀಕ್ಷೆ, ಕೊನೆಗೆ ದಾಖಲೆಗಳ ಮತ್ತು ಆರೋಗ್ಯದ ತಪಾಸಣೆ. ಆದ್ದರಿಂದ ಗೂಡ್ಸ್ ಶೆಡ್‌ನಲ್ಲಿ ರೈಲ್ವೆ ಗುಮಾಸ್ತನ ಕೆಲಸ ಕೊಡಿಸುತ್ತೇನೆ, ಸಂದರ್ಶನಕ್ಕೆ ಇಷ್ಟು ಲಕ್ಷ ಕೊಡಿ ಎನ್ನುವ ದಲ್ಲಾಳಿ ವಂಚಕನೆಂದು ತಿಳಿಯಿರಿ. ಮಗಳ ಬಂಗಾರ ಅಡವಿಟ್ಟು ಇಂಥವರ ಕೈಗೆ ಹಣ ಸುರಿಯುವ ತಂದೆಯಂದಿರು ಇನ್ನಾದರೂ ಎಚ್ಚರಗೊಳ್ಳಲಿ. ಲಂಚ ಕೊಡುವುದು ಹರಾಮ್ ಎಂಬುದು ಒಂದು ಮಾತು. ಕೊಟ್ಟರೂ ಕೆಲಸ ಸಿಗದು ಎಂಬುದು ಇನ್ನೊಂದು. ಆ ಲಕ್ಷಗಳೆಲ್ಲಿ, ಅರ್ಜಿಯ ನಿಜವಾದ ಶುಲ್ಕವೆಲ್ಲಿ? ಮಂಡಳಿಯ ಇತ್ತೀಚಿನ ಅಧಿಸೂಚನೆಗಳಲ್ಲಿ ಅಲ್ಪಸಂಖ್ಯಾತ ಅಭ್ಯರ್ಥಿಗಳಿಗೆ ಶುಲ್ಕ 250 ರೂಪಾಯಿ. ಮೊದಲ ಹಂತದ ಪರೀಕ್ಷೆಗೆ ಹಾಜರಾದರೆ ಬ್ಯಾಂಕಿನ ವೆಚ್ಚ ಕಳೆದು ಅದೂ ಮರಳುತ್ತದೆ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಉರ್ದುವಿನಲ್ಲೂ ಬರೆಯಬಹುದು. ಇನ್ನು ಯಾವ ನೆಪ ಉಳಿಯಿತು?

ಸಂದರ್ಶನ ನಡೆಯುವುದು ಬಹುತೇಕ ಖಾಸಗಿ ಟರ್ಮಿನಲ್‌ಗಳಲ್ಲಿ, ಸರಕು ನಿರ್ವಹಣೆಯ ಗುತ್ತಿಗೆ ಪಡೆದ ಸಂಸ್ಥೆಗಳಲ್ಲಿ. ಅಲ್ಲಿಗೆ ಹೋಗುವ ಯುವಕನು ಇಸ್ತ್ರಿ ಮಾಡಿದ ಅಂಗಿಯೊಂದನ್ನೇ ಸಿದ್ಧತೆಯೆಂದು ಭಾವಿಸಬಾರದು. ಕೆಲಸದ ಮಾತು ಅವನಿಗೆ ಗೊತ್ತಿರಬೇಕು. ರೇಕ್ ಎಂದರೇನು? ಒಟ್ಟಾಗಿ ಬಂದು ಒಟ್ಟಾಗಿ ಹೋಗುವ ವ್ಯಾಗನ್‌ಗಳ ಇಡೀ ಸಾಲು. ಮುಚ್ಚಿದ ವ್ಯಾಗನ್‌ನಲ್ಲಿ ಸಿಮೆಂಟು, ಧಾನ್ಯ, ಗೊಬ್ಬರ ಬರುತ್ತದೆ. ತೆರೆದ ವ್ಯಾಗನ್‌ನಲ್ಲಿ ಕಲ್ಲಿದ್ದಲು, ಅದಿರು ಬರುತ್ತದೆ. ತಟ್ಟೆಯಂತಹ ವ್ಯಾಗನ್ ಮೇಲೆ ಕಂಟೈನರ್ ಬರುತ್ತದೆ. ಡೆಮರೇಜ್ ಮತ್ತು ವಾರ್ಫೇಜ್‌ಗೆ ಏನು ವ್ಯತ್ಯಾಸ? ಉಚಿತ ಅವಧಿ ಮೀರಿ ವ್ಯಾಗನ್ನನ್ನು ತಡೆಹಿಡಿದರೆ ತೆರುವುದು ಡೆಮರೇಜ್. ಇಳಿಸಿದ ಸರಕನ್ನು ಅವಧಿ ಮೀರಿ ಶೆಡ್‌ನಲ್ಲೇ ಬಿಟ್ಟರೆ ತೆರುವುದು ವಾರ್ಫೇಜ್. ಟರ್ಮಿನಲ್‌ನ ಲಾಭನಷ್ಟ ನಿಂತಿರುವುದೇ ಗಡಿಯಾರದ ಮುಳ್ಳಿನ ಮೇಲೆ ಎಂಬುದನ್ನು ಈ ಎರಡು ಪದಗಳು ತಿಳಿಸುತ್ತವೆ. ಇದನ್ನು ಅರಿತು ಮಾತಾಡುವ ಅಭ್ಯರ್ಥಿಯ ಕಡೆ ಸಂದರ್ಶಕನು ಕತ್ತೆತ್ತಿ ನೋಡದಿರಲಾರ.

ಲೆಕ್ಕವೂ ಬೇಕು. 45 ವ್ಯಾಗನ್‌ಗಳ ಕಂಟೈನರ್ ರೇಕ್‌ನಲ್ಲಿ ಇಪ್ಪತ್ತು ಅಡಿಯ 90 ಪೆಟ್ಟಿಗೆಗಳು ಹಿಡಿಯುತ್ತವೆ. ನಲವತ್ತು ಅಡಿಯದು 30 ಇದ್ದರೆ ಇಪ್ಪತ್ತು ಅಡಿಯದು ಎಷ್ಟು ಹೇರಬಹುದು? ನಲವತ್ತು ಅಡಿಯದು ಎರಡರ ಜಾಗ ತಿನ್ನುವುದರಿಂದ ಅರುವತ್ತು ಹೋಯಿತು, ಉಳಿದದ್ದು 30. ಹಮಾಲಿಯ ಮಗನಿಗೆ ಇದು ಕಷ್ಟವೇ? ಅಪ್ಪ ಪ್ರತಿದಿನ ಮನಸ್ಸಿನಲ್ಲೇ ಮಾಡುವ ಲೆಕ್ಕವಿದು, ಮಗ ಕಾಗದದ ಮೇಲೆ ಮಾಡಬೇಕು ಅಷ್ಟೆ. ಕಂಟೈನರ್‌ನ ಗುರುತು ನಾಲ್ಕು ಅಕ್ಷರ ಮತ್ತು ಏಳು ಅಂಕೆಗಳದ್ದು. ಕೊನೆಯ ಅಂಕೆ ಇರುವುದೇ ಬರೆದದ್ದರಲ್ಲಿ ತಪ್ಪಾಗಿದೆಯೇ ಎಂದು ಪರೀಕ್ಷಿಸಲು. ರೈಲಿನಲ್ಲಿ ಬಂದ ಸರಕಿಗೆ ಇ-ವೇ ಬಿಲ್ ಅಗತ್ಯವಿದ್ದರೆ ಅದನ್ನು ತೋರಿಸದೆ ರೈಲ್ವೆ ಮಾಲನ್ನು ಬಿಟ್ಟುಕೊಡುವುದಿಲ್ಲ. ಸೀಲು ಒಡೆದ ಕಂಟೈನರ್ ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಬರಬಹುದು. ಒಳಗೆ ಇಣುಕುವುದಲ್ಲ, ಮುಟ್ಟದೆ ಮೇಲಧಿಕಾರಿಗೆ ತಿಳಿಸಿ, ಸಮಯ ಸಹಿತ ಬರೆದಿಡುವುದು ಸರಿಯಾದ ಉತ್ತರ. ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಹರಿಯುವಾಗ ವ್ಯಾಗನ್ನಿನ ಮೇಲೆ ಹತ್ತಬಾರದು ಎಂಬುದು ತಿಳಿದಿರಲೇಬೇಕು. ಇದು ನೌಕರಿಯ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆ.

ದಾಖಲೆಗಳ ವಿಷಯದಲ್ಲಿ ನಮ್ಮ ಮನೆಗಳ ಅಲಕ್ಷ್ಯ ಹೇಳತೀರದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮುಹಮ್ಮದ್, ಬ್ಯಾಂಕಿನ ಪುಸ್ತಕದಲ್ಲಿ ಬರೇ ಎಂ.ಡಿ. ತಂದೆಯ ಹೆಸರು ಒಂದೆಡೆ ಅಬ್ದುಲ್ ಖಾದರ್, ಇನ್ನೊಂದೆಡೆ ಕಾದರ್ ಬ್ಯಾರಿ. ಇದನ್ನು ಸಂದರ್ಶನದ ಹಿಂದಿನ ರಾತ್ರಿ ಸರಿಪಡಿಸಲಾಗದು. ಮಗ ಒಂಬತ್ತನೇ ತರಗತಿಯಲ್ಲಿರುವಾಗಲೇ, ಅಂಕಪಟ್ಟಿ ಮುದ್ರಣವಾಗುವ ಮೊದಲೇ ಹೆಸರನ್ನು ಒಂದೇ ರೀತಿ ಮಾಡಿಸುವುದು ತಾಯ್ತಂದೆಯರ ಹೊಣೆ.

ನಮ್ಮ ಹುಡುಗರಲ್ಲಿ ಇನ್ನೊಂದು ತಪ್ಪು ಕಲ್ಪನೆಯಿದೆ. ಸಂದರ್ಶಕರ ಮುಂದೆ ತಲೆ ತಗ್ಗಿಸಿ ಗೊಣಗುವುದೇ ವಿನಯವೆಂದು ಅವರು ತಿಳಿದಿದ್ದಾರೆ. ಪ್ರವಾದಿ ಯೂಸುಫ್(ಅ)ರ ಚರಿತ್ರೆಯನ್ನು ಅವರು ಮದ್ರಸದಲ್ಲಿ ಓದಿಲ್ಲವೇ? ಸೆರೆಮನೆಯಿಂದ ಬಂದ ಅವರು ಅರಸನ ಮುಂದೆ ನಿಂತು ನಾಡಿನ ಭಂಡಾರದ ಹೊಣೆಯನ್ನು ತಾವಾಗಿ ಕೇಳಿದರು, ತಮಗಿರುವ ತಿಳಿವು ಮತ್ತು ಕಾಪಾಡುವ ಸಾಮರ್ಥ್ಯವನ್ನು ತಾವೇ ತಿಳಿಸಿದರು. ಪ್ರವಾದಿ ಮೂಸಾ(ಅ)ರನ್ನು ಮದ್‌ಯನ್‌ನಲ್ಲಿ ಕೆಲಸಕ್ಕೆ ಇಟ್ಟುಕೊಳ್ಳಲು ಮಗಳು ತಂದೆಗೆ ಸಲಹೆ ಮಾಡಿದಾಗ ಎತ್ತಿ ಹೇಳಿದ್ದು ಎರಡೇ ಅರ್ಹತೆ: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಪರರ ಸರಕನ್ನು ಕಾಯುವ ಟರ್ಮಿನಲ್‌ಗೆ ಬೇಕಾದುದೂ ಇವೆರಡೇ. ಇರುವ ಅರ್ಹತೆಯನ್ನು ಇದೆಯೆಂದು ಹೇಳುವುದು ಅಹಂಕಾರವಲ್ಲ. ಇಲ್ಲದ್ದನ್ನು ಇದೆಯೆನ್ನುವುದು ಮಾತ್ರ ಸುಳ್ಳು. ಬ್ಯಾರಿ ಅಥವಾ ಉರ್ದು, ಕನ್ನಡ, ಹಿಂದಿ, ಕೆಲವೊಮ್ಮೆ ಮಲಯಾಳವನ್ನೂ ಆಡಬಲ್ಲ ನಮ್ಮ ಯುವಕನು ಹತ್ತು ಊರುಗಳ ಲಾರಿ ಚಾಲಕರು ಬಂದು ಸೇರುವ ಜಾಗದಲ್ಲಿ ಎಷ್ಟು ಉಪಯುಕ್ತನೆಂದು ಸ್ವತಃ ಆತನೇ ಅರಿತಿಲ್ಲ!

ಶುಕ್ರವಾರ ಏನು ಮಾಡುತ್ತೀರಿ, ಗಡ್ಡ ಏಕೆ, ಶಿರವಸ್ತ್ರದಲ್ಲಿ ಕೆಲಸ ಮಾಡುವುದಾದೀತೇ ಎಂದು ಯಾರಾದರೂ ಕೇಳಿದರೆ ಸಿಡುಕುವುದೂ ಬೇಡ, ಕುಗ್ಗುವುದೂ ಬೇಡ. ಪಾಳಿಯ ಕೆಲಸದಲ್ಲಿ ಊಟದ ವಿರಾಮದೊಳಗೆ ನಮಾಝ್ ಮುಗಿಸಬಹುದು, ಜುಮಾಕ್ಕಾಗಿ ಬಿಟ್ಟ ಹೊತ್ತನ್ನು ಅದೇ ದಿನ ತುಂಬಿಸಿಕೊಡಬಹುದು ಎಂದು ನೇರವಾಗಿ ಹೇಳಿದರೆ ಸಾಕು. ಹಾಗೆಂದು ಸಂದರ್ಶಕರ ಕುರ್ಚಿಯಲ್ಲಿ ಕುಳಿತವರಿಗೂ ನಮ್ಮದೊಂದು ಪ್ರಶ್ನೆಯಿದೆ. ವ್ಯಾಗನ್ ಇಳಿಸಲು ನಡುರಾತ್ರಿ ಕರೆಸುವಾಗ ಯಾರ ಗಡ್ಡವನ್ನೂ ಅಳೆಯದವರು, ಕಚೇರಿಯ ಕುರ್ಚಿಯ ವಿಷಯ ಬಂದೊಡನೆ ಅಳತೆಗೋಲು ಹಿಡಿಯುವುದೇಕೆ? ಸರಕಾರಿ ಉದ್ಯೋಗದಲ್ಲಿ ಧರ್ಮದ ಹೆಸರಿನಲ್ಲಿ ತಾರತಮ್ಯ ಕೂಡದೆಂದು ಸಂವಿಧಾನದ 16ನೇ ವಿಧಿ ಹೇಳುತ್ತದೆ. ಸರಕಾರದ ನೀತಿಯ ಬಲದಿಂದಲೇ ರೈಲ್ವೆಯ ಸರಕನ್ನು ನಿರ್ವಹಿಸುವ ಖಾಸಗಿಯವರಿಗೆ ಆ ನೀತಿ ಅನ್ವಯವಾಗಬಾರದೇ? ಇದಕ್ಕೆ ಉತ್ತರಿಸಬೇಕಾದವರು ಕಾನೂನು ಮಾಡುವವರು.

ಕೊನೆಯ ಮಾತು ನಮ್ಮ ಜಮಾಅತ್‌ಗಳಿಗೆ. ಶಾದಿ ಮಹಲ್‌ಗಳನ್ನು ಕಟ್ಟಿಸಲು, ಅವುಗಳಿಗೆ ಅಮೃತಶಿಲೆ ಹಾಸಲು ಹಣಕ್ಕೆ ಕೊರತೆಯಾಗಿಲ್ಲ. ಒಂದು ರಾತ್ರಿಯ ನಿಕಾಹ್‌ನ ಬಿರಿಯಾನಿಗೆ ಸುರಿಯುವ ಹಣದಲ್ಲಿ ಹತ್ತು ಯುವಕರನ್ನು ತಿಂಗಳುಗಟ್ಟಲೆ ತರಬೇತುಗೊಳಿಸಬಹುದು. ಮಸೀದಿಯ ಪಕ್ಕದ ಒಂದು ಕೋಣೆ, ಪ್ರತಿ ರವಿವಾರ ಎರಡು ಗಂಟೆ, ರೈಲ್ವೆಯಿಂದ ನಿವೃತ್ತರಾದ ಒಬ್ಬರು, ಟ್ರಾನ್ಸ್‌ಪೋರ್ಟ್ ನಡೆಸುವ ಒಬ್ಬರು, ಶಾಲಾ ಶಿಕ್ಷಕರೊಬ್ಬರು, ಇಷ್ಟಿದ್ದರೆ ಸಾಕು. ಪರಿಚಯವಿಲ್ಲದ ಮೂವರ ಮುಂದೆ ಯುವಕನನ್ನು ಕುಳ್ಳಿರಿಸಿ ಪ್ರಶ್ನೆ ಕೇಳಿ. ಮೊದಲ ಸಲ ತೊದಲುತ್ತಾನೆ, ಐದನೆಯ ಸಲ ತೊದಲುವುದಿಲ್ಲ. ಅಲ್ಲಿಗೆ ಹೆಣ್ಣುಮಕ್ಕಳಿಗೂ ಪ್ರವೇಶವಿರಲಿ, ದಾಖಲೆಯ ಕೆಲಸಕ್ಕೆ ಹೆಗಲ ಬಲ ಬೇಕಾಗಿಲ್ಲ. ಲಾರಿ ಮಾಲಕರಾದ ಸಮುದಾಯದ ಶ್ರೀಮಂತರು ತಮ್ಮ ಕಚೇರಿಗಳಲ್ಲಿ ವರ್ಷಕ್ಕೆ ಇಬ್ಬರಿಗಾದರೂ ಬಿಲ್ಲು, ರಸೀದಿಗಳ ಕೆಲಸ ಕಲಿಸಲಿ. ಇಷ್ಟನ್ನೂ ಮಾಡದೆ ಮುಂದಿನ ಸಮಾವೇಶದಲ್ಲಿ ಮತ್ತೆ ಶೇ. 4.5ರ ಅಂಕಿಯನ್ನು ಎತ್ತಿ ಹಿಡಿದರೆ, ಸಭೆಯಲ್ಲಿ ಕುಳಿತ ನಿರುದ್ಯೋಗಿ ಯುವಕನು ಎದ್ದು ನಿಂತು ಕೇಳಲಿ: ಹಕ್ಕನ್ನು ನೀವು ಕೇಳಿದಿರಿ ಸರಿ, ನಮ್ಮನ್ನು ಸಿದ್ಧಗೊಳಿಸಲು ನೀವು ಮಾಡಿದ್ದೇನು?